ಆಕಾಂಕ್ಷೆ ಮತ್ತು ಮಾಲಿಕೆ: ‘ಫೌಂಡೇಷನ್’ ಹಾಗೂ ‘ಅರ್ಥ್‌ಸೀ’ ಸರಣಿಗಳಲ್ಲಿ ಮರುಪ್ರವೇಶದ ಸಮಸ್ಯೆ

1

ಪದಗಳ ಸಮೂಹವೊಂದು ವಾಕ್ಯವೆನಿಸಿಕೊಳ್ಳಬೇಕಾದರೆ ಅದರಲ್ಲಿ ಆಕಾಂಕ್ಷೆ, ಯೋಗ್ಯತೆ ಮತ್ತು ಸನ್ನಿಧಿ ಎಂಬ ಮೂರು ಗುಣಗಳಿರಬೇಕೆಂದು ಭಾರತೀಯ ಭಾಷಾಚಿಂತನೆ ಹೇಳುತ್ತದೆ. ಒಂದು ಪದ ತನ್ನ ಅರ್ಥಪೂರ್ತಿಗಾಗಿ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಹಾಗೆ ಬಂದ ಪದ ಅರ್ಥದ ದೃಷ್ಟಿಯಿಂದ ಹೊಂದಿಕೊಳ್ಳುವುದು ಯೋಗ್ಯತೆ. ಇವೆಲ್ಲ ಅನುಚಿತ ವಿಳಂಬವಿಲ್ಲದೆ ಒಂದರ ಬಳಿ ಒಂದು ಬರುವುದು ಸನ್ನಿಧಿ. ಬೆಂಕಿಯಿಂದ ನೆನೆಸುತ್ತಾನೆ ಎಂಬ ಮಾತಿನಲ್ಲಿ ಆಕಾಂಕ್ಷೆ ಪೂರ್ಣಗೊಂಡರೂ ಯೋಗ್ಯತೆಯಿಲ್ಲ. ಆದ್ದರಿಂದ ಅದು ವಾಕ್ಯದಂತೆ ಕಂಡರೂ ವಾಕ್ಯವಲ್ಲ.

ವಾಕ್ಯವನ್ನು ಕುರಿತ ಈ ವಿಚಾರವನ್ನು ಕಥನಕ್ಕೆ, ಅದರಲ್ಲಿಯೂ ಹಲವು ಸಂಪುಟಗಳಲ್ಲಿ ಹರಡಿಕೊಂಡ ಕಥನಕ್ಕೆ ಅನ್ವಯಿಸಲು ಸಾಧ್ಯವಿದೆ. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಸಾಹಿತ್ಯದಲ್ಲಿ ಅದ್ಭುತಕಥೆ ಮತ್ತು ವಿಜ್ಞಾನಕಥೆಗಳು ಬಹುಮಟ್ಟಿಗೆ ಮಾಲಿಕೆಗಳಾಗಿಯೇ ಬೆಳೆದಿವೆ. ಒಂದು ಸಂಪುಟ ಮುಗಿದೊಡನೆ ಓದುಗನಲ್ಲಿ ಇನ್ನೂ ಬೇಕೆಂಬ ಹಂಬಲ ಉಳಿಯುವುದು ಈ ಪ್ರಕಾರದ ಪ್ರಧಾನ ಲಕ್ಷಣವೆಂದೇ ಪರಿಗಣಿತವಾಗಿದೆ. ಈ ಹಂಬಲವನ್ನು ಜನಪ್ರಿಯತೆಯ ಗುರುತೆಂದು ಮೆಚ್ಚುವುದು ಅಥವಾ ವ್ಯಾಪಾರದ ತಂತ್ರವೆಂದು ಅಲ್ಲಗಳೆಯುವುದು ವಿಮರ್ಶೆಯ ವಾಡಿಕೆ. ಆದರೆ ಹಂಬಲ ಯಾವ ಬಗೆಯದು, ಅದಕ್ಕೆ ದೊರೆತ ಉತ್ತರ ಹಿಂದಿನ ಕೃತಿಗಳನ್ನು ಏನು ಮಾಡಿತು ಎಂಬ ಪ್ರಶ್ನೆಗಳು ಹೆಚ್ಚು ಮುಖ್ಯವಾದವು.

ಇದಕ್ಕೆ ಐಸಾಕ್ ಅಸಿಮೋವ್ ಅವರ ‘ಫೌಂಡೇಷನ್’ ಮತ್ತು ಉರ್ಸುಲಾ ಕೆ. ಲೆಗ್ವಿನ್ ಅವರ ‘ಅರ್ಥ್‌ಸೀ’ ಉತ್ತಮ ನಿದರ್ಶನಗಳು. ಎರಡೂ ಮೊದಲು ಮೂರು ಸಂಪುಟಗಳಲ್ಲಿ ನಿಂತವು. ದೀರ್ಘಕಾಲದ ಮೌನದ ಬಳಿಕ ಇಬ್ಬರೂ ಲೇಖಕರು ತಮ್ಮ ಲೋಕಗಳಿಗೆ ಮರಳಿದರು. ಮರಳಿದ ರೀತಿ ಮಾತ್ರ ಬೇರೆ ಬೇರೆ.

2

‘ಫೌಂಡೇಷನ್’ ಹುಟ್ಟಿದ್ದು ಪತ್ರಿಕೆಯ ಪುಟಗಳಲ್ಲಿ. ಜಾನ್ ಡಬ್ಲ್ಯೂ. ಕ್ಯಾಂಬೆಲ್ ಸಂಪಾದಿಸುತ್ತಿದ್ದ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ 1942ರಿಂದ 1950ರವರೆಗೆ ಇದರ ಎಂಟು ಕಥೆಗಳು ಪ್ರಕಟವಾದವು. ಇವು 1951, 1952 ಮತ್ತು 1953ರಲ್ಲಿ ಮೂರು ಸಂಪುಟಗಳಾಗಿ ಹೊರಬಂದವು. ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಅವನತಿಯ ಇತಿಹಾಸ ಇದರ ಮೂಲ ಪ್ರೇರಣೆ. ಇಡೀ ಆಕಾಶಗಂಗೆಯನ್ನು ಆಳುವ ಸಾಮ್ರಾಜ್ಯವೊಂದು ಕುಸಿಯುತ್ತಿದೆ. ಜನಸಮೂಹಗಳ ವರ್ತನೆಯನ್ನು ಗಣಿತದಿಂದ ಮುಂಗಾಣುವ ‘ಮನೋಚರಿತ್ರೆ’ ಎಂಬ ಶಾಸ್ತ್ರವನ್ನು ರೂಪಿಸಿದ ಹ್ಯಾರಿ ಸೆಲ್ಡನ್, ಮುಂಬರುವ ಮೂವತ್ತು ಸಾವಿರ ವರ್ಷಗಳ ಅಂಧಯುಗವನ್ನು ಒಂದು ಸಾವಿರ ವರ್ಷಕ್ಕೆ ಇಳಿಸುವ ಯೋಜನೆಯನ್ನು ಹಾಕುತ್ತಾನೆ.

ಮಾಲಿಕೆಯ ಆಕಾಂಕ್ಷೆ ಈ ಯೋಜನೆಯ ಒಡಲಲ್ಲಿಯೇ ಇದೆ. ಸಾವಿರ ವರ್ಷಗಳ ವಾಗ್ದಾನವನ್ನು ಮೊದಲಿಗೇ ಕೊಟ್ಟ ಕಥೆ ಅದನ್ನು ಪೂರೈಸುವವರೆಗೆ ಓದುಗನನ್ನು ಬಿಡುಗಡೆ ಮಾಡಲಾರದು. ಬಿಕ್ಕಟ್ಟೊಂದು ಒದಗುತ್ತದೆ, ಪರಿಹಾರವಾಗುತ್ತದೆ. ಎಂದೋ ತೀರಿಹೋದ ಸೆಲ್ಡನ್ನನ ಪೂರ್ವಮುದ್ರಿತ ಬಿಂಬ ಕಾಲಕೋಶದಲ್ಲಿ ಮೂಡಿ, ನಡೆದದ್ದು ನಿರೀಕ್ಷಿತವೇ ಎಂದು ತಿಳಿಸುತ್ತದೆ. ಇನ್ನೊಂದು ಬಿಕ್ಕಟ್ಟು ಆರಂಭವಾಗುತ್ತದೆ. ಬೇತಾಳ ಪಂಚವಿಂಶತಿಯ ಕಥೆಗಳನ್ನು ‘ಚಂದಮಾಮ’ದ ಪುಟಗಳಲ್ಲಿಯೂ ಓದಿದ ಕನ್ನಡ ಓದುಗರಿಗೆ ಈ ವಿನ್ಯಾಸ ಅಪರಿಚಿತವಲ್ಲ. ಅಲ್ಲಿ ರಾಜ ಸರಿಯಾದ ಉತ್ತರ ಹೇಳಿದ ಕಾರಣದಿಂದಲೇ ಶವ ಮತ್ತೆ ಮರವೇರುತ್ತದೆ. ಉತ್ತರವೇ ಮುಂದಿನ ಕಥೆಗೆ ಹೇತುವಾಗುತ್ತದೆ. ಅಸಿಮೋವ್ ಮೊದಲ ಕಥೆಯನ್ನು ಸಮಸ್ಯೆಯ ಪರಿಹಾರ ಹೇಳದೆಯೇ ನಿಲ್ಲಿಸಿ, ಎರಡನೆಯ ಕಥೆ ಅನಿವಾರ್ಯವಾಗುವಂತೆ ಮಾಡಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

‘ಮುಂದೇನು’ ಎಂಬ ಈ ಆಕಾಂಕ್ಷೆಯ ಬಲ ದೊಡ್ಡದು. ಅದರ ಮಿತಿಯೂ ಸ್ಪಷ್ಟವಾದುದು. ಎಲ್ಲವನ್ನೂ ಸೆಲ್ಡನ್ ಮೊದಲೇ ಕಂಡಿದ್ದಾನೆಂದಾದರೆ ಬಿಕ್ಕಟ್ಟುಗಳು ಕೇವಲ ಆವೃತ್ತಿಗಳಾಗುತ್ತವೆ. ಈ ಅಪಾಯದಿಂದ ಮಾಲಿಕೆಯನ್ನು ಪಾರುಮಾಡಿದ್ದು 1945ರಲ್ಲಿ ಪ್ರಕಟವಾದ ‘ದಿ ಮ್ಯೂಲ್’. ಯೋಜನೆಯನ್ನು ಮುರಿಯಬೇಕೆಂದು ಕ್ಯಾಂಬೆಲ್ ಮಾಡಿದ ಒತ್ತಾಯದ ಫಲವಾಗಿ ಬಂದ ಈ ಕಥೆಯಲ್ಲಿ, ಸಮೂಹದ ಗಣಿತಕ್ಕೆ ಸಿಕ್ಕದ ಒಬ್ಬ ವಿಲಕ್ಷಣ ವ್ಯಕ್ತಿ ಇತರರ ಭಾವನೆಗಳನ್ನೇ ತಿದ್ದುವ ಶಕ್ತಿಯಿಂದ ಚರಿತ್ರೆಯ ದಿಕ್ಕನ್ನು ಬದಲಿಸುತ್ತಾನೆ. ಕಾಲಕೋಶದಲ್ಲಿ ಕಾಣಿಸಿಕೊಂಡ ಸೆಲ್ಡನ್ನನ ಬಿಂಬ ನಡೆಯದೇ ಇದ್ದ ಘಟನೆಯನ್ನು ಕುರಿತು ಮಾತನಾಡುವ ಸಂದರ್ಭ ಇಡೀ ಮಾಲಿಕೆಯ ಅತ್ಯಂತ ಸಮರ್ಥ ಸನ್ನಿವೇಶ. ಚರಿತ್ರೆಗೆ ನಿಯಮವಿದೆಯೇ, ವ್ಯಕ್ತಿಗೆ ಸ್ವಾತಂತ್ರ್ಯವಿದೆಯೇ ಎಂಬ ಗಂಭೀರ ಪ್ರಶ್ನೆ ಆ ಕ್ಷಣದಲ್ಲಿ ಕಥೆಯ ಮೈಯಲ್ಲಿಯೇ ಮೂಡುತ್ತದೆ.

ಮೂರನೆಯ ಸಂಪುಟ ಮುಗಿದಾಗ ಯೋಜನೆಯ ಸಾವಿರ ವರ್ಷಗಳಲ್ಲಿ ಅರ್ಧವೂ ಕಳೆದಿರಲಿಲ್ಲ. 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಸರಣಿಯೆಂಬ ಹ್ಯೂಗೋ ಗೌರವ ‘ಫೌಂಡೇಷನ್’ಗೆ ಸಂದಿತು. ಓದುಗರ ಬೇಡಿಕೆ ಮತ್ತು ಡಬಲ್‌ಡೇ ಪ್ರಕಾಶನದ ಒತ್ತಾಯಗಳಿಗೆ ಮಣಿದು ಅಸಿಮೋವ್ 1982ರಲ್ಲಿ ‘ಫೌಂಡೇಷನ್ಸ್ ಎಡ್ಜ್’ ಪ್ರಕಟಿಸಿದರು. ಅದನ್ನು ಬರೆಯುವ ಮುನ್ನ ತಮ್ಮ ಹಳೆಯ ಸಂಪುಟಗಳನ್ನು ಮತ್ತೆ ಓದಿ, ಅವುಗಳಲ್ಲಿ ಕ್ರಿಯೆಗಿಂತ ಸಂಭಾಷಣೆಯೇ ಹೆಚ್ಚೆಂಬುದನ್ನು ಕಂಡು ಅವರು ಅಚ್ಚರಿಪಟ್ಟದ್ದು ದಾಖಲಾಗಿದೆ. ಹೊಸ ಕಾದಂಬರಿಗೆ 1983ರ ಹ್ಯೂಗೋ ಪ್ರಶಸ್ತಿ ದೊರೆಯಿತು. 1986ರಲ್ಲಿ ‘ಫೌಂಡೇಷನ್ ಅಂಡ್ ಅರ್ಥ್’ ಬಂದಿತು.

ಇಲ್ಲಿ ಆಕಾಂಕ್ಷೆಗೆ ಉತ್ತರ ದೊರೆತಿದೆಯೇ? ಯೋಜನೆಯ ಫಲವಾಗಿ ಬರುವ ಎರಡನೆಯ ಸಾಮ್ರಾಜ್ಯ ನಿಜಕ್ಕೂ ಅಪೇಕ್ಷಣೀಯವೇ ಎಂಬ ಸಂಶಯವನ್ನು ಅಸಿಮೋವ್ ಎತ್ತುತ್ತಾರೆ. ಅದು ಪ್ರಾಮಾಣಿಕವಾದ ಆತ್ಮಪರೀಕ್ಷೆ. ಆದರೆ ಪರಿಹಾರವನ್ನು ಅವರು ತರುವುದು ಬೇರೊಂದು ಮಾಲಿಕೆಯಿಂದ. ತಮ್ಮ ರೋಬೋಟ್ ಕಥೆಗಳನ್ನು ಇದಕ್ಕೆ ಬೆಸೆದು, ಡೇನಿಲ್ ಒಲಿವಾ ಎಂಬ ಯಂತ್ರಮಾನವನೇ ಸಾವಿರಾರು ವರ್ಷಗಳಿಂದ ಮನುಕುಲವನ್ನು ಮರೆಯಲ್ಲಿ ನಿಂತು ಕಾಯುತ್ತಿದ್ದನೆಂದು ಹೇಳುತ್ತಾರೆ. ನಿಯಮ ಮತ್ತು ಸ್ವಾತಂತ್ರ್ಯಗಳ ನಡುವಿನ ಪ್ರಶ್ನೆ ಅಲ್ಲಿಗೆ ಕರಗಿಹೋಗುತ್ತದೆ. ಚರಿತ್ರೆಯನ್ನು ನಡೆಸಿದ್ದು ಜನಸಮೂಹವೂ ಅಲ್ಲ, ವ್ಯಕ್ತಿಯೂ ಅಲ್ಲ, ಒಬ್ಬ ಹಿತೈಷಿ ಪಾಲಕ ಎಂದಾದ ಮೇಲೆ ಸೆಲ್ಡನ್ನನ ಗಣಿತ ತನ್ನ ಗಾಂಭೀರ್ಯವನ್ನು ಕಳೆದುಕೊಳ್ಳುತ್ತದೆ. ಇಲ್ಲಿ ಆಕಾಂಕ್ಷೆ ತಣಿದಿದೆ, ಯೋಗ್ಯತೆ ಕುಂದಿದೆ.

ಇನ್ನೊಂದು ಸಂಗತಿಯೂ ಅರ್ಥಪೂರ್ಣವಾಗಿದೆ. ಇದಾದ ಬಳಿಕ ಅಸಿಮೋವ್ ಕಥೆಯನ್ನು ಮುಂದಕ್ಕೆ ಒಯ್ಯಲಿಲ್ಲ. 1988ರ ‘ಪ್ರಿಲ್ಯೂಡ್ ಟು ಫೌಂಡೇಷನ್’ ಮತ್ತು 1992ರಲ್ಲಿ ಅವರು ತೀರಿಕೊಂಡ ನಂತರ 1993ರಲ್ಲಿ ಪ್ರಕಟವಾದ ‘ಫಾರ್ವರ್ಡ್ ದಿ ಫೌಂಡೇಷನ್’ ಎರಡೂ ಸೆಲ್ಡನ್ನನ ಜೀವನಕ್ಕೆ, ಎಂದರೆ ಮೊದಲಿಗಿಂತ ಹಿಂದಕ್ಕೆ ಸರಿಯುತ್ತವೆ. ಸಾವಿರ ವರ್ಷಗಳ ಕಥೆ ಸುಮಾರು ಐನೂರನೆಯ ವರ್ಷದಲ್ಲಿ ನಿಂತೇಹೋಯಿತು.

3

‘ಅರ್ಥ್‌ಸೀ’ಯ ಆರಂಭ ಇದಕ್ಕೆ ತೀರ ವಿರುದ್ಧವಾದುದು. 1968ರಲ್ಲಿ ಪ್ರಕಟವಾದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ಯ ಮೊದಲ ಪುಟದಲ್ಲಿಯೇ ಕಥಾನಾಯಕ ಗೆಡ್ ಮುಂದೆ ಮಹಾಮಾಂತ್ರಿಕನಾಗುವನೆಂಬುದು ತಿಳಿದುಬಿಡುತ್ತದೆ. ಇದು ಅವನ ಕೀರ್ತಿಗೆ ಮೊದಲಿನ ಕಥೆಯೆಂದು ನಿರೂಪಣೆ ಹೇಳಿಕೊಳ್ಳುತ್ತದೆ. ಮುಂದೇನೆಂಬ ಕುತೂಹಲವನ್ನು ಲೆಗ್ವಿನ್ ಹೀಗೆ ಆರಂಭದಲ್ಲಿಯೇ ಬಿಟ್ಟುಕೊಡುತ್ತಾರೆ. ಬದಲಾಗಿ ಓದುಗನನ್ನು ಸೆಳೆಯುವುದು ದ್ವೀಪಸಮೂಹದ ನಕ್ಷೆ, ಹೆಸರು ಮಾತ್ರ ಕೇಳಿಬರುವ ಊರುಗಳು, ಹಾಡಿದರೆಂದು ಮಾತ್ರ ತಿಳಿಯುವ ವೀರಗಾಥೆಗಳು. ಇದು ‘ಮುಂದೇನು’ ಎಂಬುದಲ್ಲ, ‘ಆಚೆಗೇನು’ ಎಂಬ ಆಕಾಂಕ್ಷೆ.

ಈ ಎರಡನೆಯ ಬಗೆಯನ್ನು ಜೆ. ಆರ್. ಆರ್. ಟಾಲ್ಕಿನ್ ಚೆನ್ನಾಗಿ ಗುರುತಿಸಿದ್ದರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಆಕರ್ಷಣೆಯ ಒಂದಂಶ ಹಿನ್ನೆಲೆಯಲ್ಲಿ ಮಿಂಚಿ ಮರೆಯಾಗುವ ವಿಶಾಲ ಚರಿತ್ರೆಯಲ್ಲಿದೆ, ದೂರದಿಂದ ಕಾಣುವ ದ್ವೀಪದ ಚೆಲುವಿನಂತೆ, ಅಲ್ಲಿಗೆ ಹೋದರೆ, ಹೊಸ ದೂರಗಳು ತೆರೆದುಕೊಳ್ಳದ ಹೊರತು, ಆ ಮೋಡಿ ಅಳಿಯುತ್ತದೆ ಎಂಬ ಆಶಯದ ಮಾತನ್ನು ಅವರು 1963ರ ಪತ್ರವೊಂದರಲ್ಲಿ ಬರೆದಿದ್ದಾರೆ. ಧ್ವನಿಯನ್ನು ವಾಚ್ಯಗೊಳಿಸಿದರೆ ಕಾವ್ಯ ಸೊರಗುತ್ತದೆಂಬ ಆಲಂಕಾರಿಕರ ಎಚ್ಚರಿಕೆಗೆ ಇದು ಬಹಳ ಹತ್ತಿರದ ಮಾತು.

1971ರ ‘ದಿ ಟೂಂಬ್ಸ್ ಆಫ್ ಅಟುವಾನ್’, 1972ರ ‘ದಿ ಫಾರ್ದೆಸ್ಟ್ ಶೋರ್’ ಕೃತಿಗಳೊಂದಿಗೆ ತ್ರಿವಳಿ ಪೂರ್ಣವಾಯಿತು. ಮೂರನೆಯದರಲ್ಲಿ ಅಮರತ್ವವನ್ನು ಬಯಸಿದ ಕಾಬ್ ಎಂಬ ಮಾಂತ್ರಿಕ ಸಾವು ಬದುಕುಗಳ ನಡುವೆ ಬಿರುಕು ತೆರೆಯುತ್ತಾನೆ. ಅದನ್ನು ಮುಚ್ಚಲು ಗೆಡ್ ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತಾನೆ. ಮುಂದೆ ಅವನೇನಾದನೆಂಬುದಕ್ಕೆ ಕಾದಂಬರಿ ಎರಡು ಪಾಠಗಳನ್ನು ಕೊಡುತ್ತದೆ: ದೋಣಿಯಲ್ಲಿ ಒಬ್ಬನೇ ಕಡಲಿಗೆ ಹೊರಟುಹೋದನೆಂದು ವೀರಗಾಥೆ ಹೇಳಿದರೆ, ಬೆಟ್ಟದ ಕಾಡಿಗೆ ನಡೆದುಹೋದನೆಂದು ಅವನ ಊರಿನ ಜನ ಹೇಳುತ್ತಾರೆ. ಕಥೆ ಮುಗಿದಿದೆ, ಲೋಕ ಮುಗಿದಿಲ್ಲ.

ಹದಿನೆಂಟು ವರ್ಷಗಳ ನಂತರ, 1990ರಲ್ಲಿ, ‘ತೆಹಾನು’ ಬಂದಿತು. ವೀರಗಾಥೆಯ ವಿಸ್ತರಣೆಯನ್ನು ನಿರೀಕ್ಷಿಸಿದವರಿಗೆ ದೊರೆತದ್ದು ಒಂದು ಹೊಲಮನೆ. ಎರಡನೆಯ ಸಂಪುಟದ ಬಾಲ ಅರ್ಚಕಿ ಟೆನಾರ್ ಇಲ್ಲಿ ರೈತನೊಬ್ಬನ ವಿಧವೆ. ತನ್ನವರಿಂದಲೇ ಬೆಂಕಿಗೆ ಒಡ್ಡಲ್ಪಟ್ಟು ಅರ್ಧ ಸುಟ್ಟ ಹೆಣ್ಣುಮಗುವನ್ನು ಅವಳು ಸಾಕುತ್ತಿದ್ದಾಳೆ. ಗೆಡ್ ಶಕ್ತಿಯಿಲ್ಲದ ಸಾಮಾನ್ಯ ಮನುಷ್ಯನಾಗಿ ಮರಳುತ್ತಾನೆ. ರೋಕ್ ದ್ವೀಪದ ಮಂತ್ರವಿದ್ಯಾಲಯದಲ್ಲಿ ಗಂಡಸರಿಗೆ ಮಾತ್ರ ಏಕೆ ಪ್ರವೇಶ, ಹೆಂಗಸರ ಮಂತ್ರವನ್ನು ಕೀಳೆಂದು ತಿಳಿಯುವ ಲೋಕರೂಢಿಯ ಮೂಲವೇನು ಎಂಬ ಪ್ರಶ್ನೆಗಳು ಏಳುತ್ತವೆ. ಮೊದಲ ಮೂರು ಸಂಪುಟಗಳು ಇವನ್ನು ಆ ಲೋಕದ ಸಹಜ ಸ್ಥಿತಿಯೆಂಬಂತೆ ಬಿಟ್ಟಿದ್ದವು.

ಇದು ಲೇಖಕಿ ತಮ್ಮ ನಂತರದ ಸ್ತ್ರೀವಾದಿ ವಿಚಾರಗಳನ್ನು ಹಳೆಯ ಲೋಕದ ಮೇಲೆ ಹೇರಿದ್ದೆಂಬ ಆಕ್ಷೇಪಣೆ ಅಂದಿನಿಂದಲೂ ಇದೆ. ಆಕ್ಷೇಪಣೆ ಪೂರ್ತಿ ನಿರಾಧಾರವಲ್ಲ. ‘ತೆಹಾನು’ವಿನ ಕೆಲವು ಸಂಭಾಷಣೆಗಳಲ್ಲಿ ಪಾತ್ರಕ್ಕಿಂತ ವಾದವೇ ಮುಂದಾಗಿ ಕಾಣುತ್ತದೆ, ದುಷ್ಟ ಪಾತ್ರಗಳು ಮೊದಲ ಸಂಪುಟಗಳ ಸಂಕೀರ್ಣತೆಯನ್ನು ಪಡೆದಿಲ್ಲ. ಆದರೂ ಹೇರಿಕೆಯೆಂಬ ತೀರ್ಮಾನ 2001ರಲ್ಲಿ ಬಂದ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಮತ್ತು ‘ದಿ ಅದರ್ ವಿಂಡ್’ಗಳ ಎದುರಿಗೆ ನಿಲ್ಲುವುದಿಲ್ಲ. ಮೊದಲನೆಯದರಲ್ಲಿ ರೋಕ್ ವಿದ್ಯಾಲಯವನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರೆಂಬುದು ತಿಳಿಯುತ್ತದೆ. ಎರಡನೆಯದರ ಶೋಧ ಇನ್ನೂ ಆಳವಾದುದು. ಸತ್ತವರು ಮಾತಿಲ್ಲದೆ, ಪ್ರೀತಿಯ ನೆನಪಿಲ್ಲದೆ ಸುಳಿದಾಡುವ ಒಣನಾಡು, ಅದನ್ನು ಸುತ್ತುವರಿದ ತಗ್ಗು ಕಲ್ಲುಗೋಡೆ—ಇವು ಮೊದಲ ಸಂಪುಟದಿಂದಲೂ ಇದ್ದ ಚಿತ್ರಗಳು. ಆ ನಾಡು ನಿಸರ್ಗದ ನಿಯಮವಲ್ಲ; ಅಮರತ್ವದ ಆಸೆಯಿಂದ ಹಿಂದಿನ ಮಾಂತ್ರಿಕರು ಡ್ರ್ಯಾಗನ್‌ಗಳ ನೆಲವನ್ನು ಅಪಹರಿಸಿ ಕಟ್ಟಿದ ಬೇಲಿ ಎಂದು ಕೊನೆಯ ಕಾದಂಬರಿ ತೋರಿಸುತ್ತದೆ. ಗೋಡೆ ಒಡೆದಾಗ ಸತ್ತವರಿಗೆ ಬಿಡುಗಡೆಯಾಗುತ್ತದೆ.

ಈ ಉತ್ತರ ಹೊರಗಿನಿಂದ ಬಂದುದಲ್ಲ. ಸಾವನ್ನು ಒಲ್ಲದ ಆಸೆಯೇ ಕೇಡಿನ ಮೂಲವೆಂದು ‘ದಿ ಫಾರ್ದೆಸ್ಟ್ ಶೋರ್’ ಆಗಲೇ ಸಾರಿತ್ತು. ಕಾಬ್ ಒಬ್ಬನ ಅಪರಾಧವೆಂದು ಅಲ್ಲಿ ಕಂಡದ್ದು ಇಡೀ ಮಾಂತ್ರಿಕ ಪರಂಪರೆಯ ಅಪರಾಧವೆಂದು ಇಲ್ಲಿ ತಿಳಿಯುತ್ತದೆ. ಮೂರನೆಯ ಸಂಪುಟದ ತರ್ಕ ತನ್ನ ನಿಜವಾದ ಕೊನೆಯನ್ನು ಆರನೆಯದರಲ್ಲಿ ಮುಟ್ಟುತ್ತದೆ. ಯೋಗ್ಯತೆಯೆಂದರೆ ಇದೇ.

4

ಎರಡು ಮರುಪ್ರವೇಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಒರೆಗಲ್ಲು ದೊರೆಯುತ್ತದೆ. ಹೊಸ ಸಂಪುಟ ಹಿಂದಿನದನ್ನು ಮತ್ತೆ ಓದುವಂತೆ ಮಾಡುತ್ತದೆಯೇ, ಅಥವಾ ಮತ್ತೆ ಓದುವುದನ್ನು ಅನಗತ್ಯಗೊಳಿಸುತ್ತದೆಯೇ ಎಂಬುದೇ ಆ ಒರೆಗಲ್ಲು. ಡೇನಿಲ್‌ನನ್ನು ಬಲ್ಲ ಓದುಗ ‘ದಿ ಮ್ಯೂಲ್’ಗೆ ಮರಳಿದರೆ ಅಲ್ಲಿನ ಭಯ ಕಡಿಮೆಯಾಗಿರುತ್ತದೆ. ಗೋಡೆ ಒಡೆದುದನ್ನು ಬಲ್ಲ ಓದುಗ ಮೊದಲ ಸಂಪುಟದ ಅದೇ ಗೋಡೆಯ ಬಳಿಗೆ ಬಂದರೆ ಅಲ್ಲಿನ ವಿಷಾದ ಹೆಚ್ಚಿರುತ್ತದೆ. ಲೋಕದ ವಿಸ್ತಾರವನ್ನು ಹೆಚ್ಚಿಸುವುದರಿಂದ ಮಾತ್ರ ಮಾಲಿಕೆ ಬೆಳೆಯುವುದಿಲ್ಲ. ತಾನು ಕಾಣದೆ ಬಿಟ್ಟದ್ದನ್ನು ಕಾಣುವುದರಿಂದ ಬೆಳೆಯುತ್ತದೆ.

ಸನ್ನಿಧಿಯ ಪ್ರಶ್ನೆಯನ್ನೂ ಈ ಬೆಳಕಿನಲ್ಲಿ ನೋಡಬಹುದು. ರಾಬರ್ಟ್ ಜೋರ್ಡನ್ 1990ರಲ್ಲಿ ಆರಂಭಿಸಿದ ‘ದಿ ವೀಲ್ ಆಫ್ ಟೈಮ್’ ಅವರು 2007ರಲ್ಲಿ ತೀರಿಕೊಂಡ ಬಳಿಕ ಬ್ರ್ಯಾಂಡನ್ ಸ್ಯಾಂಡರ್‌ಸನ್ ಅವರಿಂದ 2013ರಲ್ಲಿ ಮುಗಿಯಿತು. ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಆರಂಭಿಸಿದ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದಿತು. ಆರನೆಯದು ಬರುವ ಮೊದಲೇ ಅದರ ದೂರದರ್ಶನ ರೂಪ 2019ರಲ್ಲಿ ಕೊನೆಗೊಂಡಿತು. ಇವು ‘ಮುಂದೇನು’ ಎಂಬ ಋಣವನ್ನು ಹೊತ್ತ ಕಥನಗಳಾದ್ದರಿಂದ ವಿಳಂಬ ಇಲ್ಲಿ ದೋಷವೆನಿಸುತ್ತದೆ. ‘ಅರ್ಥ್‌ಸೀ’ಯ ವಿಳಂಬ ದೋಷವೆನಿಸದಿರುವುದಕ್ಕೆ ಅದು ಅಂಥ ಋಣವನ್ನು ಮಾಡಿಕೊಂಡಿರಲಿಲ್ಲವೆಂಬುದೇ ಕಾರಣ. ಹದಿನೆಂಟು ವರ್ಷಗಳಲ್ಲಿ ಟೆನಾರಳ ವಯಸ್ಸಿನೊಡನೆ ಲೇಖಕಿಯ ಅರಿವೂ ಬೆಳೆದಿತ್ತು. ಇಲ್ಲಿ ವಿಳಂಬವೇ ಅರ್ಥದ ಭಾಗವಾಯಿತು.

‘ತೆಹಾನು’ ಮೊದಲು ಪ್ರಕಟವಾದಾಗ ಅದಕ್ಕೆ ‘ಅರ್ಥ್‌ಸೀಯ ಕೊನೆಯ ಪುಸ್ತಕ’ ಎಂಬ ಉಪಶೀರ್ಷಿಕೆಯಿತ್ತು. ಹನ್ನೊಂದು ವರ್ಷಗಳಲ್ಲಿ ಲೆಗ್ವಿನ್ ಅವರೇ ಅದನ್ನು ಸುಳ್ಳಾಗಿಸಿದರು. ಅವರು ನಿಧನರಾದ 2018ರಲ್ಲಿಯೂ ಗೆಡ್‌ನ ಕೊನೆಯ ದಿನಗಳನ್ನು ಕುರಿತ ‘ಫೈರ್‌ಲೈಟ್’ ಎಂಬ ಸಣ್ಣಕಥೆ ಮರಣೋತ್ತರವಾಗಿ ಪ್ರಕಟವಾಯಿತು. ಇನ್ನೂ ಬೇಕೆಂಬ ಹಂಬಲ ಓದುಗನದು ಮಾತ್ರವಲ್ಲ, ಲೇಖಕನದೂ ಹೌದೆಂಬುದಕ್ಕೆ ಇದು ಸಾಕ್ಷಿ. ಬೇತಾಳನ ಕೊನೆಯ ಪ್ರಶ್ನೆಗೆ ರಾಜ ಉತ್ತರ ಕಾಣದೆ ಮೌನವಾಗುತ್ತಾನೆ. ಆಗ ಮಾತ್ರ ಕಥೆಗಳ ಸರಪಳಿ ನಿಲ್ಲುತ್ತದೆ. ಉತ್ತರಗಳಿಂದ ಮುಂದುವರಿಯುವ ಮಾಲಿಕೆ ಉತ್ತರಗಳಿಂದ ಮುಗಿಯಲಾರದು. ತನ್ನ ಲೋಕದ ಮೇಲಿನ ಒಡೆತನವನ್ನು ಬಿಟ್ಟು ಅದನ್ನು ಪ್ರಶ್ನಿಸಲು ಲೇಖಕ ಸಿದ್ಧನಾದಾಗ ಮಾತ್ರ ಓದುಗನ ಆಕಾಂಕ್ಷೆಗೆ ಯೋಗ್ಯವಾದ ಮಾತು ದೊರೆಯುತ್ತದೆ ಎಂಬುದನ್ನು ಈ ಎರಡು ಸರಣಿಗಳ ತೌಲನಿಕ ಅಧ್ಯಯನ ಸ್ಪಷ್ಟಪಡಿಸುತ್ತದೆ.