ಕಾಲುವೆಯ ಗೇಟು, ಕಂಬದ ಮೇಲಿನ ರೇಡಿಯೊ

ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣವನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಮೇಲೆ ಅದರ ಬಗ್ಗೆ ಬಂದ ಬರಹಗಳು ಹೆಚ್ಚುಕಡಿಮೆ ಒಂದೇ ಧಾಟಿಯವು: ಸುಮಾರು 4,700 ಕೋಟಿ ರೂಪಾಯಿ, ನಾಲ್ಕೂವರೆ ಲಕ್ಷ ಹೆಕ್ಟೇರ್, ಕುಳಿತಲ್ಲಿಂದಲೇ ಏರಿಳಿಸಬಹುದಾದ ಸ್ಕಾಡಾ (ದೂರನಿಯಂತ್ರಣ ವ್ಯವಸ್ಥೆಯ) ಗೇಟುಗಳು. ಕೊನೆ ಭಾಗದ ರೈತನಿಗೂ ನೀರು ಮುಟ್ಟಬೇಕೆಂಬ ಉದ್ದೇಶ ನ್ಯಾಯವಾದದ್ದೇ. ಆದರೆ ಈ ಹೊಗಳಿಕೆ ಅಳತೆ ಮೀರಿದೆ ಎಂಬುದು ನನ್ನ ವಾದ. ಎಲ್ಲರೂ ಗೇಟುಗಳನ್ನು ಎಣಿಸಿದರು. ಇಂಥ ಜಾಲಗಳಲ್ಲಿ ಗೇಟಿಗೆ ಅಪ್ಪಣೆ ಒಯ್ಯುವ ರೇಡಿಯೊದೊಳಗಿನ ಫರ್ಮ್‌ವೇರನ್ನು (ಅದನ್ನು ನಡೆಸುವ ಒಳ ತಂತ್ರಾಂಶವನ್ನು) ಯಾರು, ಯಾವ ಖಾತರಿಯ ಮೇಲೆ ಬದಲಿಸುತ್ತಾರೆ ಎಂಬ ಪ್ರಶ್ನೆಗೆ ಆ ಬರಹಗಳಲ್ಲಿ ಜಾಗವೇ ಸಿಗಲಿಲ್ಲ. ನಮ್ಮ ಹುಕ್ಕೇರಿ ತಾಲ್ಲೂಕಿಗೆ ಇದು ದೂರದ ಮಾತಲ್ಲ. ಹಿಡಕಲ್‌ನ 51 ಟಿಎಂಸಿ ಸಾಮರ್ಥ್ಯದ ಘಟಪ್ರಭಾ ಜಲಾಶಯ ಇಲ್ಲಿದೆ. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ಇಲ್ಲಿದೆ. ನೀರೂ ಕರೆಂಟೂ ನಾಳೆ ಇಂಥ ರೇಡಿಯೊಗಳನ್ನೇ ನಂಬಬೇಕಾಗಬಹುದು.

ಹೊಸ ಫರ್ಮ್‌ವೇರನ್ನು ಗಾಳಿಯಲ್ಲೇ ಕಳಿಸುವ ಸೌಲಭ್ಯವನ್ನು ಮಾರುವವರು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಸಾಲನ್ನು ಬಿಡಿಸಿ ನೋಡಬೇಕು. ಸೆಕೆಂಡಿಗೆ 9,600 ಬಿಟ್ ಒಯ್ಯುವ ಕೊಂಡಿಯಲ್ಲಿ ಎರಡು ಮೆಗಾಬೈಟಿನ ಕಡತ ದಾಟಲು, ಒಂದು ತುಣುಕೂ ಕೆಡದಿದ್ದರೆ, ಅರ್ಧ ಗಂಟೆಯ ಹತ್ತಿರ ಬೇಕು. ನಡುವೆ ಅದೇ ತರಂಗಾಂತರದಲ್ಲಿ ಸಂದೇಶವನ್ನು ಮರುಬಿತ್ತರಿಸುವ ರಿಪೀಟರ್ ಇದ್ದರೆ ಹೊತ್ತು ಇಮ್ಮಡಿ. ಅಷ್ಟು ಹೊತ್ತು ನೀರಿನ ಮಟ್ಟದ ಅಳತೆಗಳು ತಡವಾಗುತ್ತವೆ, ಇಲ್ಲವೇ ನಿಲ್ಲುತ್ತವೆ. ಬರೆಯುವ ನಡುವೆ ಸೋಲಾರ್ ಬ್ಯಾಟರಿ ಕೈಕೊಟ್ಟರೆ, ಹಳೆಯ ಪ್ರತಿ ಬೇರೊಂದು ಜಾಗದಲ್ಲಿ ಉಳಿದಿಲ್ಲದ ರೇಡಿಯೊ ಸತ್ತಂತೆಯೇ. ಕ್ರಮವೂ ಮುಖ್ಯ: ಮೊದಲು ತೀರ ದೂರದ ರೇಡಿಯೊ, ಕೊನೆಗೆ ಹತ್ತಿರದ್ದು. ಹತ್ತಿರದ ರಿಪೀಟರನ್ನೇ ಮೊದಲು ಬದಲಿಸಿ ಅದು ಕೆಟ್ಟರೆ ಅದರಾಚೆಯ ಗೇಟುಗಳೆಲ್ಲ ಒಟ್ಟಿಗೆ ಕಿವುಡಾಗುತ್ತವೆ. ಇದಕ್ಕಿಂತ ದೊಡ್ಡ ಪ್ರಶ್ನೆ, ಬಂದ ಕಡತ ಯಾರದು ಎನ್ನುವುದು. ಕಡತದ ಜೊತೆ ಬರುವ ತಾಳೆ ಸಂಖ್ಯೆ, ಚೆಕ್‌ಸಮ್, ಹೊಂದಿತೆಂದರೆ ಕಡತ ದಾರಿಯಲ್ಲಿ ಕೆಟ್ಟಿಲ್ಲ ಎಂದಷ್ಟೇ ಅರ್ಥ. ಕೇಡಿಗನೊಬ್ಬ ತಾನು ತಯಾರಿಸಿದ ಕಡತಕ್ಕೂ ಸರಿಯಾದ ಚೆಕ್‌ಸಮ್ ಕೂಡಿಸಬಲ್ಲ. ತಯಾರಕರ ಡಿಜಿಟಲ್ ಸಹಿಯನ್ನು ರೇಡಿಯೊ ತಾನೇ ಪರೀಕ್ಷಿಸಿ, ಸಹಿ ಹೊಂದದಿದ್ದರೆ ತಿರಸ್ಕರಿಸದ ಹೊರತು ಈ ಸೌಲಭ್ಯ ಬಾಗಿಲಿಲ್ಲದ ಮನೆ.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ನನಗೆ ತಕರಾರಿದೆ. ಕಾಲುವೆಯ ನೀರಿನ ಮಟ್ಟದಲ್ಲಿ ಗುಟ್ಟೇನಿದೆ ಎನ್ನುವವರು ಒಂದು ಕಡೆ. ಎಇಎಸ್ 256 ಗೂಢಲಿಪಿ ಇದೆಯಲ್ಲ, ಸಾಕು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಭದ್ರತೆಯೆಂದರೆ ಗುಟ್ಟು ಕಾಯುವುದೆಂದೇ ತಿಳಿದಿದ್ದಾರೆ. ಗೇಟಿಗೆ ಬೇಕಾದದ್ದು ಗುಟ್ಟಲ್ಲ, ಅಪ್ಪಣೆ ಅಧಿಕೃತವೆಂಬ ಖಾತರಿ. ಸಂದೇಶಕ್ಕೆ ಕ್ರಮಸಂಖ್ಯೆಯ ಕಾವಲಿಲ್ಲದಿದ್ದರೆ, ನಿನ್ನೆಯ 'ತೆರೆ' ಎಂಬ ಸಂದೇಶವನ್ನು ಹಿಡಿದಿಟ್ಟವನು ಅದನ್ನು ಓದಲಾಗದೆಯೂ ಇಂದು ಮತ್ತೆ ಬಿತ್ತರಿಸಬಹುದು. ಎಲ್ಲ ರೇಡಿಯೊ ಪೆಟ್ಟಿಗೆಗಳಲ್ಲೂ ಒಂದೇ ಗೂಢಲಿಪಿ ಕೀ ಇಟ್ಟಿದ್ದರೆ ಒಂದು ಪೆಟ್ಟಿಗೆ ಕಳುವಾದರೂ ಇಡೀ ಜಾಲ ಹೋದಂತೆ. ನಮ್ಮದು ಇಂಟರ್ನೆಟ್ಟಿಗೆ ತಾಗದ ಖಾಸಗಿ ಜಾಲವೆಂಬ ಸಮಾಧಾನಕ್ಕೆ 2000ದಲ್ಲೇ ಉತ್ತರ ಸಿಕ್ಕಿದೆ. ಆಸ್ಟ್ರೇಲಿಯಾದ ಮರೂಚಿ ಶೈರ್‌ನಲ್ಲಿ, ಗುತ್ತಿಗೆ ಕಂಪನಿ ಬಿಟ್ಟಿದ್ದ ತಂತ್ರಜ್ಞನೊಬ್ಬ ಲ್ಯಾಪ್‌ಟಾಪ್ ಮತ್ತು ರೇಡಿಯೊ ಹಿಡಿದು ಚರಂಡಿ ಪಂಪುಗಳಿಗೆ ಅಪ್ಪಣೆ ಕೊಟ್ಟು, ಸುಮಾರು ಎಂಟು ಲಕ್ಷ ಲೀಟರ್ ಕೊಳಚೆಯನ್ನು ಉದ್ಯಾನ, ಹೊಳೆಗಳಿಗೆ ಹರಿಸಿದ.

ಓಡುತ್ತಿರುವುದನ್ನು ಮುಟ್ಟಬೇಡಿ ಎಂಬ ಎಂಜಿನಿಯರುಗಳ ಆಕ್ಷೇಪ ಗಟ್ಟಿಯಾದದ್ದು. ಬೆಳೆ ಒಣಗುವ ದಿನಗಳಲ್ಲಿ ಅಪ್‌ಡೇಟ್ ಮಾಡುವುದು ತಪ್ಪೇ. ಆದರೆ ಕಾಲುವೆಗೆ ನೀರು ನಿಲ್ಲಿಸುವ ದಿನಗಳೂ ಇವೆ, ಕೆಲಸಕ್ಕೆ ಅವು ಸಾಕು. ನಾವು ಮುಟ್ಟದಿದ್ದರೆ ಬೇರೆಯವರೂ ಮುಟ್ಟುವುದಿಲ್ಲ ಎಂದೇನೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿದ್ಯುತ್ ಜಾಲಕ್ಕೆ ನುಗ್ಗಿದವರು ಸಬ್‌ಸ್ಟೇಷನ್ನುಗಳ ಸಂವಹನ ಸಾಧನಗಳ ಫರ್ಮ್‌ವೇರನ್ನೇ ಅಳಿಸಿ ಬರೆದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಕೆಲವೇ ಗಂಟೆಗಳಲ್ಲಿ ಅದು ಮರಳಿದ್ದು ಸಿಬ್ಬಂದಿ ಸ್ಥಳಕ್ಕೇ ಹೋಗಿ ಕೈಯಿಂದ ಸ್ವಿಚ್ ಹಾಕಿದ್ದರಿಂದ. ಸ್ವಯಂಚಾಲನೆ ಬಂತೆಂದು ಗೇಟು ತಿರುಗಿಸುವವರನ್ನು, ಲೈನ್‌ಮನ್ನರನ್ನು ಕಡಿಮೆ ಮಾಡುವ ಲೆಕ್ಕಾಚಾರ ಈ ಕಾರಣಕ್ಕೇ ಅಪಾಯಕಾರಿ. ವಿದ್ಯುತ್ ವಲಯಕ್ಕಾದರೂ ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಭದ್ರತಾ ಮಾರ್ಗಸೂಚಿ ಇದೆ, ಕಾಲುವೆ ಗೇಟುಗಳು ಅದರ ವ್ಯಾಪ್ತಿಯಲ್ಲಿಲ್ಲ. ಘಟಪ್ರಭೆಗೆ ಸ್ಕಾಡಾ ತರುವುದಾದರೆ ಸಹಿ ಪರೀಕ್ಷೆ, ಪ್ರತಿ ರೇಡಿಯೊಗೂ ಬೇರೆ ಕೀ, ಆ ಕೀಗಳು ಇಲಾಖೆಯ ವಶದಲ್ಲೇ ಇರುವುದು, ಗುತ್ತಿಗೆ ಮುಗಿದ ದಿನವೇ ಅವನ್ನು ಬದಲಿಸುವುದು, ಇಷ್ಟೂ ಟೆಂಡರಿನಲ್ಲೇ ಬರೆದಿರಬೇಕು.