‘ರಾಮಧಾನ್ಯಚರಿತ್ರೆ’ಯ ಸೆರೆವಾಸವೂ ಬೀಜರಕ್ಷಣೆಯೂ

ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ನೆಲ್ಲಿಗೂ ನರೆದಲೆಗಕ್ಕೂ ನಡೆಯುವ ವಾದವನ್ನು ವಿಮರ್ಶಕರು ಸಾಮಾನ್ಯವಾಗಿ ಸಮಾಜದ ಮೇಲುಕೀಳುಗಳ ರೂಪಕವೆಂದೇ ಗ್ರಹಿಸಿದ್ದಾರೆ. ಅದು ಯುಕ್ತವೇ ಸರಿ. ಆದರೆ ಆ ಓದಿನಲ್ಲಿ ಧಾನ್ಯಗಳು ಧಾನ್ಯಗಳಾಗಿ ಉಳಿಯುವುದಿಲ್ಲ. ಆರು ತಿಂಗಳ ಸೆರೆಯಲ್ಲಿ ನೆಲ್ಲು ಕಂದಿತು. ರಾಗಿ ಕೆಡದೆ ರಾಘವನ ಹೆಸರನ್ನು ಪಡೆಯಿತು. ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಿಟ್ಟ ಬೇಸಾಯಗಾರನ ಅನುಭವವೇ ಇಲ್ಲಿ ನ್ಯಾಯಕ್ಕೆ ಪ್ರಮಾಣ.

ಈ ಪ್ರಮಾಣ ಸಾಕೇ ಎಂಬುದು ವಿಚಾರಾರ್ಹ. ಕೆಡದಿರುವುದು ಬೀಜದ ಒಂದು ಗುಣ. ಮಳೆ, ರೋಗ, ಕೀಟಗಳು ಬದಲಾದಂತೆ ತಲೆಮಾರುಗಳಲ್ಲಿ ತಾನೂ ಮಾರ್ಪಡುವುದು ಇನ್ನೊಂದು. ಸೆರೆಯಲ್ಲಾಗಲಿ ಇಂದಿನ ಶೀತಾಗಾರದಲ್ಲಾಗಲಿ ಎರಡನೆಯದು ನಡೆಯದು. ಅದಕ್ಕೆ ಹೊಲವೇ ಬೇಕು. ಸೋತ ನೆಲ್ಲಿನ ಕಡೆಗೂ ಒಂದು ಮಾತಿದೆ. ಗ್ರಾಸಿ ಸ್ಟಂಟ್ ವೈರಸ್‌ಗೆ ನಿರೋಧಶಕ್ತಿ ದೊರೆತದ್ದು ಉತ್ತರಪ್ರದೇಶದ ಒರೈಜಾ ನಿವಾರ ಎಂಬ ಕಾಡುಭತ್ತದಿಂದ. 6 ಸಾವಿರಕ್ಕೂ ಮಿಕ್ಕ ಮಾದರಿಗಳಲ್ಲಿ ಒಂದರಿಂದ! (ಋಷಿಗಳ ಆಹಾರವಾದ ನೀವಾರದ ಹೆಸರೇ ಅದಕ್ಕಿರುವುದು ಗಮನಾರ್ಹ.) 1976ರ ಐಆರ್ 36 ತಳಿಯಲ್ಲಿ ಆ ಗುಣವಿತ್ತು. ಗೆದ್ದ ರಾಗಿಗೂ ನಂಟರು ಬೇಕಾದರು: ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳು ಆಫ್ರಿಕದ ರಾಗಿಯೊಡನೆ ಸಂಕರವಾಗಿ ಹುಟ್ಟಿದವು.

ಕಾವ್ಯದ ಸಭೆ ಕೇಳಿದ್ದು ಹೆಚ್ಚಿನವರು ಯಾರೆಂದು. ರಾಗಿಹೊಲದ ಅಕ್ಕಡಿಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತಿದವನು ಆ ಪ್ರಶ್ನೆಯನ್ನು ಕೇಳಿದಂತೆ ಕಾಣುವುದಿಲ್ಲ.