ಕೂರ್ಮಸ್ಮರಣೆಯೂ ಲೋಹದ ಬಿಲ್ಲೆಯೂ

ಗುರುವು ಶಿಷ್ಯನನ್ನು ಅನುಗ್ರಹಿಸುವ ಬಗೆಯನ್ನು ವಿವರಿಸುವಾಗ ನಮ್ಮ ಪ್ರಾಚೀನರು ಮೂರು ದೃಷ್ಟಾಂತಗಳನ್ನು ಕೊಡುವುದುಂಟು. ಪಕ್ಷಿಯು ಸ್ಪರ್ಶದಿಂದ, ಮತ್ಸ್ಯವು ನೋಟದಿಂದ, ಕೂರ್ಮವು ಕೇವಲ ಸ್ಮರಣೆಯಿಂದ ತನ್ನ ಮರಿಗಳನ್ನು ಪೋಷಿಸುತ್ತದೆಂಬುದು ಅವುಗಳ ಸಾರ. ಮೊದಲೆರಡರ ಮಾತು ಹಾಗಿರಲಿ. ಮೂರನೆಯದರಲ್ಲಿ ನಿಜವಾದ ಒಂದು ವೀಕ್ಷಣೆ ಅಡಗಿದೆ. ಕಡಲಾಮೆಯು ಮರಳಿನಲ್ಲಿ ಮೊಟ್ಟೆಯಿಟ್ಟು, ಗುಂಡಿಯನ್ನು ಮುಚ್ಚಿ, ಹಿಂದಿರುಗಿ ನೋಡದೆ ಸಮುದ್ರಕ್ಕೆ ಇಳಿಯುತ್ತದೆ. ಅಷ್ಟನ್ನು ಕಂಡವರು ಮುಂದಿನ ಕಾಣದ ಭಾಗವನ್ನು ‘ಸ್ಮರಣೆ’ ಎಂಬ ಒಂದು ಶಬ್ದದಿಂದ ತುಂಬಿದರು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆರ್ಚಿ ಕಾರ್ (1909–1987) ಅವರು 1967ರಲ್ಲಿ ಪ್ರಕಟಿಸಿದ ‘ಸೋ ಎಕ್ಸಲೆಂಟ್ ಎ ಫಿಶ್’ ಎಂಬ ಗ್ರಂಥವು ಆ ಕಾಣದ ಭಾಗವನ್ನು ಯಾವ ಶಬ್ದದಿಂದಲೂ ತುಂಬದೆ, ಬರಿದಾಗಿಯೇ ಉಳಿಸಿಕೊಂಡು, ಅದರ ಅಂಚುಗಳನ್ನು ಅಳೆಯಹೊರಟ ಪ್ರಯತ್ನದ ಕಥನ. ಎಳೆಯ ಆಮೆಗಳನ್ನು ಕೊಲ್ಲಬಾರದೆಂದು ಬರ್ಮುಡಾ ದ್ವೀಪದ ಸಭೆಯು 1620ರಲ್ಲಿ ಮಾಡಿದ ಶಾಸನದ ಮಾತೊಂದರಿಂದ ಗ್ರಂಥಕ್ಕೆ ಈ ಹೆಸರು ಬಂದಿದೆ. ಆಮೆಯನ್ನು ಮೀನೆಂದು ಕರೆದ ಆ ಶಾಸನಕರ್ತರ ಪ್ರಾಣಿಶಾಸ್ತ್ರ ಹೇಗೇ ಇರಲಿ, ಅವರ ದೂರದೃಷ್ಟಿಗೆ ಕೊರತೆಯಿರಲಿಲ್ಲ.

ಗ್ರಂಥದ ಕೇಂದ್ರಸ್ಥಾನ ಕೋಸ್ಟಾರಿಕಾ ದೇಶದ ಕೆರಿಬಿಯನ್ ತೀರದ ಟೊರ್ಟುಗೆರೊ. ಸುಮಾರು 35 ಕಿ.ಮೀ. ಉದ್ದದ ಆ ಕಪ್ಪು ಮರಳಿನ ದಂಡೆಯಲ್ಲಿ ಕಾರ್ ಅವರು 1955ರಿಂದ ಹಸಿರು ಕಡಲಾಮೆಗಳಿಗೆ ಗುರುತಿನ ಬಿಲ್ಲೆಗಳನ್ನು ತೊಡಿಸಿದರು. ಮೊದಲು ಮಾಡಿದ ಉಪಾಯವು ಸರಳವಾಗಿತ್ತು: ಚಿಪ್ಪಿನ ಅಂಚಿನಲ್ಲಿ ರಂಧ್ರ ಕೊರೆದು ತಂತಿಯಿಂದ ಬಿಲ್ಲೆಯನ್ನು ಬಿಗಿಯುವುದು. ಸುಮಾರು ಹನ್ನೆರಡು ದಿನಗಳಿಗೊಮ್ಮೆ ಅದೇ ಋತುವಿನಲ್ಲಿ ಮತ್ತೆ ಮೊಟ್ಟೆಯಿಡಲು ಬಂದ ಆಮೆಗಳಲ್ಲಿ ರಂಧ್ರವಿತ್ತು, ಬಿಲ್ಲೆಯಿರಲಿಲ್ಲ. ತೀರದಾಚೆ ಕಾದಿದ್ದ ಗಂಡುಗಳ ಪ್ರಣಯದ ಒರಸಾಟದಲ್ಲಿ ಅದು ಕಿತ್ತುಹೋಗುತ್ತಿತ್ತೆಂದು ತರ್ಕಿಸಲಾಯಿತು. ಆಮೇಲೆ ದನಗಳ ಕಿವಿಗೆ ಚುಚ್ಚುವ ಲೋಹದ ಬಿಲ್ಲೆಯನ್ನು ಮುಂಗಾಲಿನ ಈಜುರೆಕ್ಕೆಗೆ ಚುಚ್ಚಿದರು, ಅದು ನಿಂತಿತು. ಸಾಗರದ ಮಹಾರಹಸ್ಯವೊಂದನ್ನು ಬಿಡಿಸಲು ಕೊನೆಗೆ ಒದಗಿದ ಉಪಕರಣ ಕೊಟ್ಟಿಗೆಯದು ಎಂಬುದರ ವಿನೋದವನ್ನು ಗ್ರಂಥಕರ್ತರು ಚೆನ್ನಾಗಿ ಬಲ್ಲರು.

ಬಿಲ್ಲೆ ನಿಂತರೂ ಮರುವರ್ಷ ಆ ಆಮೆಗಳು ಬರಲಿಲ್ಲ. ಇಂಥಲ್ಲಿ ಅವಸರದ ಸಂಶೋಧಕನು ಅವು ಸತ್ತವೆಂದೊ, ಬೇರೆ ತೀರಕ್ಕೆ ಹೋದವೆಂದೊ ನಿರ್ಣಯಿಸಿಬಿಡುತ್ತಾನೆ. ನಮ್ಮ ಮೀಮಾಂಸಕರು ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದು ಒಪ್ಪಿದರಷ್ಟೆ, ಆದರೆ ವಸ್ತುವು ಅಲ್ಲಿದ್ದರೆ ಕಂಡೇ ಕಾಣುತ್ತಿತ್ತೆನ್ನುವಂತಿರಬೇಕು ಎಂಬ ಕಟ್ಟನ್ನೂ ಅದಕ್ಕೆ ಹಾಕಿದರು. ಮೇಜಿನ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಕಾರ್ ಅವರ ಜನರು ರಾತ್ರಿ ಕಾಯುತ್ತಿದ್ದುದು ಆ ಉದ್ದ ದಂಡೆಯ ಉತ್ತರದ ಸುಮಾರು ಎಂಟು ಕಿ.ಮೀ. ಮಾತ್ರ, ಉಳಿದದ್ದು ಕತ್ತಲೆಯ ಕೋಣೆ. ಆದುದರಿಂದ ಅವರು ಕಾದರು. ಎರಡು, ಮೂರು, ನಾಲ್ಕು ವರ್ಷಗಳ ಅಂತರದಲ್ಲಿ ಹಳೆಯ ಸಂಖ್ಯೆಗಳು ತಿರುಗಿ ಕಾಣಿಸಿಕೊಂಡವು. ಹಸಿರು ಆಮೆಯು ವರ್ಷವರ್ಷವೂ ಮೊಟ್ಟೆಯಿಡುವುದಿಲ್ಲವೆಂಬ ಸಂಗತಿ ಹೀಗೆ ತಿಳಿಯಿತು. ಅಂದರೆ ಒಂದು ವರ್ಷ ದಂಡೆಯಲ್ಲಿ ಎಣಿಸಿದ್ದನ್ನೇ ಆ ಕುಲದ ಒಟ್ಟು ಲೆಕ್ಕವೆಂದು ಬರೆಯುವುದು, ಒಂದು ದಿನದ ಜಮೆಯನ್ನು ನೋಡಿ ಬ್ಯಾಂಕಿನ ಮೂಲಧನವನ್ನು ಹೇಳಿದಂತೆ. ಈ ಕಾಯುವಿಕೆಯನ್ನು ಬರೆದಿರುವ ಪುಟಗಳು ಗ್ರಂಥದ ಅತ್ಯುತ್ತಮ ಪುಟಗಳು.

ಗ್ರಂಥದ ಮರ್ಮ ಮಾತ್ರ ಬೇರೆಡೆ ಇದೆ. ಪ್ರತಿಯೊಂದು ಬಿಲ್ಲೆಯ ಮೇಲೂ ಒಂದು ಸಂಖ್ಯೆ, ಫ್ಲಾರಿಡಾ ವಿಶ್ವವಿದ್ಯಾನಿಲಯದ ವಿಳಾಸ, ಹಿಂದಿರುಗಿಸಿದವರಿಗೆ ಬಹುಮಾನವೆಂಬ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತು ಇದ್ದವು. ಬಹುಮಾನ ಐದು ಡಾಲರು. ದೂರದಿಂದ ಬಿಲ್ಲೆಗಳನ್ನು ಕಳುಹಿಸಿದವರು ಯಾರು? ಹೆಚ್ಚಿನವರು ನಿಕರಾಗುವಾ ತೀರದ ಮಿಸ್ಕಿಟೊ ದಿಬ್ಬಗಳ ಬಳಿ, ಕಡಲಹುಲ್ಲು ಮೇಯುವ ಆಮೆಗಳನ್ನು ಈಟಿಯಿಂದಲೊ ಬಲೆಯಿಂದಲೊ ಹಿಡಿದು ಕಡಿಯುವ ಬೇಟೆಗಾರರು. ಬಿಲ್ಲೆಯೊಂದು ಅಂಚೆಯಲ್ಲಿ ಬಂದು ತಲಪಿತೆಂದರೆ ಬಹುಮಟ್ಟಿಗೆ ಆಮೆಯೊಂದು ಸತ್ತಿತೆಂದೇ ಅರ್ಥ. ಜ್ಞಾನದ ಪ್ರತಿಯೊಂದು ಕಣಕ್ಕೂ ಬೆಲೆಯನ್ನು ಆಮೆಯೇ ತೆತ್ತಿದೆ. ಐದು ಡಾಲರು ಅಂಚೆಯ ವೆಚ್ಚವಷ್ಟೆ. ಕಾರ್ ಅವರು ಇದನ್ನು ಮರೆಮಾಚಿಲ್ಲ. ಬಿಲ್ಲೆಗಳೊಡನೆ ಬಂದ ಪತ್ರಗಳಿಗೆ ಅವರು ಧಾರಾಳವಾಗಿ ಸ್ಥಳ ಕೊಟ್ಟಿದ್ದಾರೆ. ಆಮೆಯನ್ನು ತಿಂದವನನ್ನು ದೂಷಿಸದೆ ಸಹಲೇಖಕನಂತೆ ಆದರಿಸಿದ್ದಾರೆ. ಉಪದೇಶಕ್ಕೆ ಇಳಿಯದ ಈ ಸೌಜನ್ಯವು ಆ ಬಗೆಯ ಬರೆಹಗಳಲ್ಲಿ ಅಪರೂಪ.

ಆದರೆ ಇಲ್ಲಿಯೇ ವಿಮರ್ಶಕನು ಒಂದು ಪ್ರಶ್ನೆಯನ್ನು ಎತ್ತಬೇಕಾಗುತ್ತದೆ. ಬಿಲ್ಲೆಗಳಿಂದ ರಚಿತವಾದ ನಕಾಶೆಯು ಮೊದಲು ಈಟಿಗಳ ನಕಾಶೆ, ಅನಂತರ ಆಮೆಗಳ ನಕಾಶೆ. ಬೇಟೆಗಾರನಿಲ್ಲದ ಕಡಲಿನಿಂದ ಪತ್ರ ಬರುವುದಿಲ್ಲ. ಬರೆಯಲು ಬಾರದವನಿಂದಲೂ, ಬರೆಸಲು ಮನಸ್ಸಿಲ್ಲದವನಿಂದಲೂ ಬರುವುದಿಲ್ಲ. ಇನ್ನೂ ದೊಡ್ಡ ಲೋಪವೆಂದರೆ, ದಂಡೆಗೆ ಬರುವವು ಹೆಣ್ಣುಗಳು ಮಾತ್ರ. ತೀರದಲ್ಲಿ ಬಿಲ್ಲೆ ತೊಟ್ಟವೆಲ್ಲ ಅವೇ. ಗಂಡುಗಳೂ ಮರಿಗಳೂ ಈ ಖಾತೆಯಲ್ಲಿ ಇಲ್ಲವೇ ಇಲ್ಲ.

ಗ್ರಂಥದ ದುರ್ಬಲ ಭಾಗವು ‘ಆಪರೇಷನ್ ಗ್ರೀನ್ ಟರ್ಟಲ್’ ಎಂಬ ಯೋಜನೆಯದು. ಟೊರ್ಟುಗೆರೊದ ಮರಿಗಳನ್ನು ಅಮೆರಿಕದ ನೌಕಾದಳದ ವಿಮಾನಗಳಲ್ಲಿ ಹೇರಿ, ಆಮೆಗಳು ಅಳಿದುಹೋಗಿದ್ದ ಕೆರಿಬಿಯನ್ ತೀರಗಳಿಗೆ ಒಯ್ದು ಬಿಟ್ಟರು. ಮರಿಯು ತಾನು ಬಿಟ್ಟ ತೀರಕ್ಕೇ ದೊಡ್ಡದಾಗಿ ಮರಳುವುದೆಂಬ ನಂಬಿಕೆ ಇದರ ತಳಹದಿ. ಅಂಗೈಯಗಲದ ಮರಿಗೆ ಬಾಳಿಕೆ ಬರುವ ಬಿಲ್ಲೆ ತೊಡಿಸುವುದು ಅಂದು ಸಾಧ್ಯವಿರಲಿಲ್ಲ. ಆದ್ದರಿಂದ ಯಶಸ್ಸನ್ನೂ ಅಪಯಶಸ್ಸನ್ನೂ ತಿಳಿಯುವ ದಾರಿಯಿರಲಿಲ್ಲ. ಆ ತೀರಗಳಲ್ಲಿ ಹೊಸ ಆಮೆಕುಲಗಳು ನೆಲೆಗೊಳ್ಳಲಿಲ್ಲ. ಒಂದು ಬಿಲ್ಲೆಗಾಗಿ ಮೂರು ವರ್ಷ ಕಾದ ಅದೇ ಮನುಷ್ಯ, ಇಲ್ಲಿ ಕಾಯದೆ ವಿಮಾನ ಹತ್ತಿಸಿದ್ದನ್ನು ಓದುವಾಗ ಖೇದವಾಗುತ್ತದೆ. ಅಳಿವಿನ ಭಯವು ಅವಸರಕ್ಕೆ ಕಾರಣವೆನ್ನಬಹುದು. ಅದು ಸಮಾಧಾನ, ಸಮರ್ಥನೆಯಲ್ಲ.

ಮರಳುವಿಕೆಯ ನಂಬಿಕೆಯೇನೊ ಸುಳ್ಳಾಗಲಿಲ್ಲ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾತೃವಂಶದಿಂದ ಬರುವ ಡಿ.ಎನ್.ಎ.ಯನ್ನು ಪರೀಕ್ಷಿಸಿ, ಹಸಿರು ಆಮೆಗಳು ಹುಟ್ಟಿದ ತೀರಕ್ಕೆ ಮರಳುತ್ತವೆಂಬುದಕ್ಕೆ ಬಲವಾದ ಸಾಕ್ಷ್ಯವನ್ನು ಒದಗಿಸಿತು. ಅದನ್ನು ನಡೆಸಿದವರಲ್ಲಿ ಕಾರ್ ಅವರ ಶಿಷ್ಯೆಯೂ ಒಬ್ಬರು. ಮರಿಯ ಲಿಂಗವನ್ನು ಗೂಡಿನ ಮರಳಿನ ಉಷ್ಣತೆ ನಿರ್ಧರಿಸುವುದೆಂಬುದು ಗ್ರಂಥ ಪ್ರಕಟವಾದ ಅನಂತರ ತಿಳಿದ ಸಂಗತಿ. ಹೊರನಾಡಿನಲ್ಲಿ ನೆಲಸಿದ ಕನ್ನಡಿಗನಿಗೆ ಹುಟ್ಟೂರಿಗೆ ಮರಳುವ ಆಮೆಯ ಕಥೆಯು ಸಹಜವಾಗಿಯೇ ಹೃದ್ಯವೆನಿಸೀತು. ಕಾರ್ ಅವರು ಆ ಪ್ರಲೋಭನಕ್ಕೆ ಒಳಗಾಗಿ ಆಮೆಗೆ ತವರಿನ ಹಂಬಲವನ್ನು ಆರೋಪಿಸಿಲ್ಲ. ಅದು ಅವರ ಗದ್ಯದ ಸಂಯಮ.

ನಮ್ಮ ಕಡಲಿನ ಉದಾಹರಣೆಯೊಂದನ್ನು ಈ ಗ್ರಂಥದ ಪಕ್ಕದಲ್ಲಿ ಇಟ್ಟು ನೋಡುವುದು ಉಚಿತ. ಒಡಿಶಾ ತೀರದ ಗಹಿರಮಾಥಾ, ಋಷಿಕುಲ್ಯಾಗಳಲ್ಲಿ ಆಲಿವ್ ರಿಡ್ಲೆ ಜಾತಿಯ ಆಮೆಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ಬರುತ್ತವೆ. ಅಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯವರು 2021ರಲ್ಲಿ 03233 ಎಂಬ ಸಂಖ್ಯೆಯ ಬಿಲ್ಲೆ ತೊಡಿಸಿದ್ದ ಹೆಣ್ಣೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದ ದಂಡೆಯಲ್ಲಿ ಮೊಟ್ಟೆಯಿಡಲು ಬಂದಿತು. ನಡುವಣ ದೂರ ಸುಮಾರು 3,500 ಕಿ.ಮೀ. ಎಂದು ಎಣಿಸಿದರು. ಅದು ಲಂಕೆಯನ್ನು ಬಳಸಿ ಬಂದಿತೊ, ಪಂಬನ್ ಜಲಸಂಧಿಯನ್ನು ಹಾಯ್ದು ಬಂದಿತೊ, ಬಿಲ್ಲೆ ಹೇಳುವುದಿಲ್ಲ. ಪೂರ್ವದ ಆಮೆಗಳು ಬೇರೆ, ಪಶ್ಚಿಮದವು ಬೇರೆ ಎಂದು ಎರಡು ಖಾತೆ ಬರೆಯುತ್ತಿದ್ದವರಿಗೆ ಒಂದೇ ಸಂಖ್ಯೆ ಎರಡೂ ಕಡೆ ಎದುರಾಯಿತು. ಟೊರ್ಟುಗೆರೊದ ಹಸಿರು ಆಮೆಗಳ ತೀರನಿಷ್ಠೆಯನ್ನು ಎಲ್ಲ ಕಡಲಾಮೆಗಳಿಗೂ ಹೇರಿ ಓದುವ ವಾಚಕರು ಇಲ್ಲಿ ತಡೆದು ನಿಲ್ಲಬೇಕು.

ಉತ್ತರ ಕನ್ನಡ, ಉಡುಪಿ ತೀರಗಳಲ್ಲಿಯೂ ಈ ಜಾತಿ ಮೊಟ್ಟೆಯಿಡುತ್ತದೆ. ದಕ್ಷಿಣದಿಂದ ಗುಹಾಗರಕ್ಕೆ ಬರುವ ಆಮೆಯು ಕರ್ನಾಟಕದ ಕಡಲನ್ನು ದಾಟದೆ ಬರಲಾರದು. ಕಾರ್ ಅವರ ಮೇಜಿನ ಮೇಲೆ ಬಿದ್ದ ಮಿಸ್ಕಿಟೊ ತೀರದ ಬಿಲ್ಲೆಗಳಿಗೂ 03233ಕ್ಕೂ ಒಂದು ವ್ಯತ್ಯಾಸವಿದೆ. ಅವುಗಳನ್ನು ಕಡಿದ ರೆಕ್ಕೆಯಿಂದ ಬಿಡಿಸಿ ಓದಿದರು. ಇದನ್ನು ಗೂಡು ತೋಡಲು ಬಂದ ತಾಯಿಯ ಮೈಮೇಲೆಯೇ ಓದಿದರು.